ಎಲೆ ಅಗಿಸಿ ಸಕ್ಕರೆ ತಿನ್ನಿಸುವವನು ಬಂದರೆ ಬಾಗಿಲು ಹಾಕಿಕೊಳ್ಳಿ

ಡೊಂಬಿವಲಿ, ಕಲ್ಯಾಣ್ ಕಡೆಯ ಕನ್ನಡದವರೇ, ದಯವಿಟ್ಟು ಓದಿ. "ಶುಗರ್ ಬುಡಸಮೇತ ಕೀಳ್ತೇನೆ" ಅಂತ ಒಬ್ಬ ಮನೆಮನೆಗೆ ಬರುತ್ತಿದ್ದಾನೆ. ಚೆಂದ ಕನ್ನಡ ಮಾತಾಡುತ್ತಾನೆ. ಮುಂಬೈಯಲ್ಲಿ ಕನ್ನಡ ಕಿವಿಗೆ ಬಿದ್ದರೆ ನಾವು ಚಹಾ ಕೊಟ್ಟು ಕೂರಿಸುತ್ತೇವೆ, ಅಲ್ವಾ? ಅವನಿಗೆ ಬೇಕಾಗಿದ್ದೂ ಅದೇ.

ನಮ್ಮ ಮನೆಯವರಿಗೆ ಒಂದು ಎಲೆ ಅಗಿಯಲು ಕೊಟ್ಟ. ಆಮೇಲೆ, "ಅಕ್ಕಾ, ಒಂದು ಚಮಚ ಸಕ್ಕರೆ ತನ್ನಿ" ಅಂದ. ಇವರು ಬಾಯಿಗೆ ಹಾಕಿಕೊಂಡರು. ಸಿಹಿಯೇ ಇಲ್ಲ! ಮರಳು ಅಗಿದ ಹಾಗಿದೆ ಅಂದರು. ನಾನೂ ನೋಡಿದೆ, ಹಾಗೇ ಇತ್ತು. "ನಾಲಿಗೆ ಮೇಲೆಯೇ ಸಕ್ಕರೆ ಸತ್ತುಹೋಯ್ತು, ಇನ್ನು ರಕ್ತದಲ್ಲಿ ಉಳಿಯುತ್ತದಾ?" ಅಂದ. ಅವನ ಪುಡಿಯ ಡಬ್ಬಕ್ಕೆ 6,500 ರೂಪಾಯಿ ಎಣಿಸಿ ಕೊಟ್ಟೆವು. ನೆನೆದರೆ ಈಗಲೂ ಮೈ ಉರಿಯುತ್ತದೆ.

ಅದು ಮಧುನಾಶಿನಿ ಎಲೆ. ನಾಲಿಗೆಗೆ ಸಿಹಿ ಗೊತ್ತಾಗದ ಹಾಗೆ ಸ್ವಲ್ಪ ಹೊತ್ತು ಮಾಡುತ್ತದೆ. ತಿಂದ ಸಕ್ಕರೆ ಸಕ್ಕರೆಯಾಗಿಯೇ ಹೊಟ್ಟೆಗೆ ಹೋಗುತ್ತದೆ!

ಪುಡಿ ಶುರು ಮಾಡಿಸಿ, ಡಾಕ್ಟರ್ ಕೊಟ್ಟ ಶುಗರ್ ಮಾತ್ರೆ ಮೆಟ್‌ಫಾರ್ಮಿನ್ ನಿಲ್ಲಿಸಿದ. ಇವರಿಗೆ ವಿಪರೀತ ಬಾಯಾರಿಕೆ, ರಾತ್ರಿಯೆಲ್ಲ ಬಾತ್‌ರೂಮಿಗೆ ಓಡಾಟ. ಫೋನ್ ಮಾಡಿದರೆ, "ವಿಷ ಹೊರಗೆ ಹೋಗ್ತಿದೆ ಅಕ್ಕಾ, ಒಳ್ಳೇ ಲಕ್ಷಣ." ಒಳ್ಳೇ ಲಕ್ಷಣ! ಶುಗರ್ ಏರಿದಾಗ ಆಗುವುದೇ ಅದು. ಲ್ಯಾಬಿನಲ್ಲಿ ಖಾಲಿ ಹೊಟ್ಟೆಯದ್ದು 312 ಬಂತು. 126 ದಾಟಿದರೇ ಡಯಾಬಿಟೀಸ್ ಅನ್ನುತ್ತಾರೆ. ರಿಪೋರ್ಟ್ ಕಳಿಸಿದೆ. "ಪಥ್ಯ ಸರಿಯಾಗಿ ಮಾಡಿಲ್ಲ ನೀವು" ಅಂದ. ದುಡ್ಡು ವಾಪಸ್ ಕೇಳಿದೆ. "ಶ್ರದ್ಧೆ ಇಲ್ಲದವರಿಗೆ ಔಷಧಿ ಹಿಡಿಯಲ್ಲ." ಅಷ್ಟೇ, ನನ್ನ ನಂಬರ್ ಬ್ಲಾಕ್.

ಆಯುರ್ವೇದವನ್ನು ಬೈಯುತ್ತಿಲ್ಲ. ನಮ್ಮ ಪಕ್ಕದ ಬಿಲ್ಡಿಂಗಿನ ವೈದ್ಯರು ಬಿಎಎಂಎಸ್ ಓದಿದವರು. ಅವರೂ ಮಧುನಾಶಿನಿ ಕೊಡುತ್ತಾರೆ, ಅರಿಶಿನ-ನೆಲ್ಲಿಕಾಯಿ ಪುಡಿ ಕೊಡುತ್ತಾರೆ. ಆದರೆ ಮೊದಲು ರಿಪೋರ್ಟ್ ಕೇಳುತ್ತಾರೆ, ಮಾತ್ರೆ ಮುಟ್ಟಬೇಡಿ ಅನ್ನುತ್ತಾರೆ. ಮಾತ್ರೆಯ ಜೊತೆ ಇವನ್ನು ತಗೊಂಡರೆ ಶುಗರ್ ಜಾಸ್ತಿ ಇಳಿಯಲೂಬಹುದಂತೆ, ಅದಕ್ಕೇ ಡಾಕ್ಟರಿಗೂ ಹೇಳಿ.

ಡಬ್ಬ ತಿರುಗಿಸಿ ನೋಡಿ. ಲೈಸೆನ್ಸ್ ನಂಬರ್, ಬ್ಯಾಚ್ ನಂಬರ್, ತಯಾರಿಸಿದವರ ವಿಳಾಸ ಇರಬೇಕು. ನಮ್ಮದರ ಮೇಲೆ ಧನ್ವಂತರಿ ಸ್ಟಿಕ್ಕರ್ ಬಿಟ್ಟರೆ ಏನೂ ಇಲ್ಲ. ಡಯಾಬಿಟೀಸ್ ವಾಸಿ ಮಾಡುತ್ತೇವೆ ಅಂತ ಜಾಹೀರಾತು ಕೊಡುವುದೇ 1954ರ ಕಾನೂನಿನ ಪ್ರಕಾರ ಅಪರಾಧ. ಅವನ ಪಾಂಪ್ಲೆಟ್ ಇಟ್ಟುಕೊಂಡಿದ್ದೇನೆ, ಡಬ್ಬದ ಜೊತೆ ಎಫ್‌ಡಿಎಗೆ, ಅಂದರೆ ರಾಜ್ಯ ಸರ್ಕಾರದ ಆಹಾರ-ಔಷಧಿ ಇಲಾಖೆಗೆ, ಕೊಡುತ್ತೇನೆ. ನಿಮ್ಮ ಹತ್ತಿರ ಇದ್ದರೆ ಎಸೆಯಬೇಡಿ, ನೀವೂ ದೂರು ಕೊಡಿ.

ಮೊನ್ನೆ ಘಾಟ್‌ಕೋಪರಿನ ಪರಿಚಯದವರೊಬ್ಬರು ಅದೇ ಡಬ್ಬದ ಫೋಟೋ ಕಳಿಸಿ, ಇದು ಒಳ್ಳೇದಾ ಅಂತ ಕೇಳಿದರು. ಅಲ್ಲಿ ಅವನ ರೇಟು 7,000.