ಐವರು ಶಿಕ್ಷಕರು, ಒಂದು ಪಾಸಿಂಗ್ ಪ್ಯಾಕೇಜ್: ಗೂಗಲ್ ಡಾಕ್ಸ್, ವರ್ಡ್ ಆನ್‌ಲೈನ್ ಮತ್ತು ಗುಂಪಿಗೆ ಕಳಿಸುವ ಫೈಲ್

ಬೇರೆ ಬೇರೆ ಶಾಲೆಯ ಶಿಕ್ಷಕರು ಸೇರಿ ಒಂದೇ ಕಡತವನ್ನು ಬರೆಯುವುದಾದರೆ ನನ್ನ ಮತ ಇಂಟರ್ನೆಟ್ಟಿನಲ್ಲೇ ಹಲವರು ಒಟ್ಟಿಗೆ ಬರೆದು ತಿದ್ದಬಹುದಾದ ಗೂಗಲ್ ಡಾಕ್ಸ್‌ಗೆ. ಎಸ್ಸೆಸ್ಸೆಲ್ಸಿ ಸಮಾಜ ವಿಜ್ಞಾನದ ಪಾಸಿಂಗ್ ಪ್ಯಾಕೇಜನ್ನು, ಅಂದರೆ ಮಕ್ಕಳು ಪಾಸಾಗಲು ಬೇಕಾದ ಮುಖ್ಯ ಪ್ರಶ್ನೆಗಳ ಸಂಗ್ರಹವನ್ನು, ಶಿರಸಿ, ಸಿದ್ದಾಪುರ, ಯಲ್ಲಾಪುರ ಮತ್ತು ಮುಂಡಗೋಡದ ಸಹೋದ್ಯೋಗಿಗಳೊಡನೆ ಎರಡು ವರ್ಷ ಮೂರು ವಿಧದಲ್ಲಿ ಸಿದ್ಧಪಡಿಸಿ ನೋಡಿದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಮೊದಲ ವರ್ಷ ನಾವು ಫೈಲನ್ನು ಮೊಬೈಲಿನ ಗುಂಪಿಗೆ ಕಳಿಸುತ್ತಿದ್ದೆವು. ಇಳಿಸಿಕೊಂಡವರು ತಿದ್ದಿ ಮತ್ತೆ ಅಲ್ಲಿಗೇ ಹಾಕುತ್ತಿದ್ದರು. ‘ಅಂತಿಮ’, ‘ಅಂತಿಮ 2’, ‘ಅಂತಿಮ ಸರಿಯಾದದ್ದು’ ಎಂಬ ಮೂರು ಫೈಲುಗಳು ಒಂದೇ ಸಂಜೆ ಬಂದವು. ಯಲ್ಲಾಪುರದ ಅಕ್ಕೋರು ರಾತ್ರಿ ಕುಳಿತು ಸೇರಿಸಿದ್ದ ನಕ್ಷೆಯ ಪ್ರಶ್ನೆಗಳು ಎರಡನೆಯದರಲ್ಲಿ ಮಾತ್ರ ಇದ್ದವು, ನಾನು ಜೆರಾಕ್ಸ್ ಮಾಡಿಸಿದ್ದು ಮೂರನೆಯದನ್ನು. ಅವರ ಶ್ರಮ ಮಕ್ಕಳ ಕೈ ಸೇರಲಿಲ್ಲವೆಂಬ ಬೇಸರ ನನಗೆ ಈಗಲೂ ಇದೆ.

ವರ್ಡ್ ಆನ್‌ಲೈನ್ ಅನ್ನು ಒಂದು ಅಧ್ಯಾಯಕ್ಕೆ ಮಾತ್ರ ಬಳಸಿದೆವು. ಶಾಲೆಯ ಕಂಪ್ಯೂಟರಿನಲ್ಲಿದ್ದ ಹಳೆಯ ಕೋಷ್ಟಕಗಳು ಅದರಲ್ಲಿ ಸಾಲು ತಪ್ಪದೆ ತೆರೆದುಕೊಂಡವು. ಆದರೆ ನಮ್ಮ ಐವರಲ್ಲಿ ನಾಲ್ವರಿಗೆ ಮೈಕ್ರೋಸಾಫ್ಟ್ ಖಾತೆಯೇ ಇರಲಿಲ್ಲ; ಆಂಡ್ರಾಯ್ಡ್ ಫೋನಿನ ದೆಸೆಯಿಂದ ಗೂಗಲ್ ಖಾತೆ ಎಲ್ಲರಲ್ಲೂ ಇತ್ತು.

ಹಾಗೆಂದು ಗೂಗಲ್ ಡಾಕ್ಸ್‌ನಲ್ಲಿ ನಮ್ಮ ಆರಂಭ ಸುಗಮವಾಗಿರಲಿಲ್ಲ. ಹಿಂದಿನ ವರ್ಷಗಳ ಪ್ರಶ್ನೆಗಳನ್ನು ಶಾಲೆಯ ಕಂಪ್ಯೂಟರಿನಿಂದ ನಕಲು ಮಾಡಿ ಅಲ್ಲಿ ಅಂಟಿಸಿದಾಗ ಒಂದು ಅಕ್ಷರವೂ ಕನ್ನಡದಲ್ಲಿ ಕಾಣಲಿಲ್ಲ. ‘ಪ’ ಇರಬೇಕಾದಲ್ಲೆಲ್ಲ ಜಪಾನಿನ ಯೆನ್ ಹಣದ ಚಿಹ್ನೆ, ಅದರ ಪಕ್ಕದಲ್ಲಿ ನೆತ್ತಿಯ ಮೇಲೆ ಓರೆಗೆರೆ ಹೊತ್ತ ಇಂಗ್ಲಿಷಿನ ‘ಎ’. ಫೈಲ್ ಕೆಟ್ಟಿದೆಯೆಂದು ತಿಳಿದು ನಾನು ಎರಡು ಸಲ ಅಳಿಸಿ ಮತ್ತೆ ಅಂಟಿಸಿದೆ. ಸಿದ್ದಾಪುರದ ಮಾಸ್ತರು ಫೋನಿನಲ್ಲಿ ತೆರೆದು ನೋಡಿ, “ನನಗೂ ಹಾಗೇ ಕಾಣ್ತಿದೆ ಮೇಡಂ” ಎಂದಾಗಲೇ ತೊಡಕು ನನ್ನ ಲ್ಯಾಪ್‌ಟಾಪಿನದಲ್ಲ ಎಂದು ತಿಳಿಯಿತು.

ಕಾರಣ ಫಾಂಟಿನಲ್ಲಿತ್ತು. ಪ್ರತಿ ಭಾಷೆಯ ಅಕ್ಷರಗಳಿಗೂ ಅವುಗಳದೇ ಸಂಕೇತ ಕೊಡುವ ಯೂನಿಕೋಡ್ ಪದ್ಧತಿ ಬಳಕೆಗೆ ಬರುವ ಮೊದಲಿನ ಮಾದರಿಯ ಫಾಂಟುಗಳಲ್ಲಿ ಕನ್ನಡದ ಆಕೃತಿಗಳನ್ನು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಂಕೇತಗಳ ಮೇಲೆಯೇ ಕೂರಿಸಲಾಗಿರುತ್ತದೆ. ಆ ಫಾಂಟ್ ಇರುವ ಕಂಪ್ಯೂಟರಿನಲ್ಲಿ ಕನ್ನಡ ಕಾಣುತ್ತದೆ, ಇಲ್ಲದ ಕಡೆ ಅಡಿಯಲ್ಲಿರುವ ಚಿಹ್ನೆಗಳು ಹೊರಬೀಳುತ್ತವೆ. ಯೂನಿಕೋಡ್‌ನಲ್ಲಿ ಕನ್ನಡಕ್ಕೆಂದೇ 128 ಸ್ಥಾನಗಳನ್ನು ಮೀಸಲಿಟ್ಟಿರುವುದರಿಂದ ಅದರಲ್ಲಿ ಬರೆದದ್ದು ಯಾವ ಫೋನಿನಲ್ಲಾದರೂ ಕನ್ನಡವಾಗಿಯೇ ಉಳಿಯುತ್ತದೆ, ಪದ ಹುಡುಕಿದರೆ ಸಿಗುತ್ತದೆ.

ನಾಲ್ಕು ಸಂಜೆ ಕುಳಿತು ಹಳೆಯ ಪಠ್ಯವನ್ನೆಲ್ಲ ಪರಿವರ್ತಕದಲ್ಲಿ ಹಾಕಿ ಯೂನಿಕೋಡ್‌ಗೆ ಬದಲಿಸಿಕೊಂಡೆ. ಪರಿವರ್ತಕವನ್ನು ಪೂರ್ತಿ ನಂಬುವಂತಿಲ್ಲ. ಅರ್ಕಾವತ್ತು ಇರುವ ಪದಗಳನ್ನೂ ಇಸವಿಗಳನ್ನೂ ಒಂದೊಂದಾಗಿ ನೋಡಬೇಕಾಯಿತು. ಹೊಸದಾಗಿ ಟೈಪ್ ಮಾಡುವವರಿಗೆ ಈ ಕಷ್ಟವಿಲ್ಲ, ಕನ್ನಡ ಟೈಪಿಂಗಿನ ತಂತ್ರಾಂಶಗಳಾದ ನುಡಿ ಮತ್ತು ಬರಹ ಎರಡರಲ್ಲೂ ಯೂನಿಕೋಡ್‌ನಲ್ಲಿ ಬರೆಯುವ ಸೌಲಭ್ಯವಿದೆ. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸವೂ ಅಲ್ಲಿ ಸಿಗುವುದರಿಂದ ನಮ್ಮ ಹಿರಿಯ ಮಾಸ್ತರು ಬೆರಳಿನ ಅಭ್ಯಾಸವನ್ನು ಬದಲಿಸಬೇಕಾಗಲಿಲ್ಲ. ಹಂಚಿ ಬರೆಯುವ ಕೆಲಸ ಶುರುವಾಗುವ ಮೊದಲೇ ಎಲ್ಲರೂ ಯೂನಿಕೋಡ್‌ನಲ್ಲೇ ಬರೆಯಬೇಕೆಂದು ಒಪ್ಪಿಕೊಳ್ಳಿ. ಈ ಒಂದು ಮಾತನ್ನು ನಮಗೆ ಮೊದಲೇ ಯಾರಾದರೂ ಹೇಳಿದ್ದರೆ ಆ ನಾಲ್ಕು ಸಂಜೆಗಳು ಉಳಿಯುತ್ತಿದ್ದವು.

ಆಮೇಲಿನ ಕೆಲಸ ಸಂತೋಷದ್ದು. ಒಬ್ಬರು ಬರೆದದ್ದನ್ನು ಇನ್ನೊಬ್ಬರು ನೇರವಾಗಿ ತಿದ್ದದೆ ‘ಸಲಹೆ’ಯ ರೂಪದಲ್ಲಿ ತಿದ್ದಬಹುದು, ತಿದ್ದುವ ಅನುಮತಿ ಇರುವವರು ಒಪ್ಪಿದರೆ ಮಾತ್ರ ಅದು ಪಠ್ಯಕ್ಕೆ ಸೇರುತ್ತದೆ. ಹಿರಿಯರ ಬರಹದಲ್ಲಿ ಕೈಯಾಡಿಸಲು ಸಂಕೋಚಪಡುತ್ತಿದ್ದ ಮುಂಡಗೋಡದ ಹೊಸ ಶಿಕ್ಷಕಿ ಈ ದಾರಿಯಲ್ಲಿ ಇತಿಹಾಸದ ಎರಡು ಇಸವಿಗಳನ್ನು ಸರಿಪಡಿಸಿಕೊಟ್ಟರು. ಯಾರು ಯಾವಾಗ ಏನು ಬದಲಿಸಿದರೆಂಬುದು ಆವೃತ್ತಿಗಳ ಇತಿಹಾಸದಲ್ಲಿ ಹೆಸರುಸಹಿತ ಸಿಗುತ್ತದೆ, ಬೇಕಾದರೆ ನಿನ್ನೆಯ ರೂಪಕ್ಕೇ ಮರಳಬಹುದು. ನಕ್ಷೆಯ ಪ್ರಶ್ನೆಗಳು ಇನ್ನು ಕಳೆದುಹೋಗುವುದಿಲ್ಲ.

ಲಿಂಕ್ ಸಿಕ್ಕವರೆಲ್ಲ ತಿದ್ದುವಂತೆ ಬಿಡಬೇಡಿ; ಐವರ ಇಮೇಲ್ ಸೇರಿಸಿ, ಉಳಿದವರಿಗೆ ಓದುವ ಅನುಮತಿ ಮಾತ್ರ ಕೊಡಿ.

ಆಷಾಢದಲ್ಲಿ ನಮ್ಮ ಕಡೆ ಕರೆಂಟಿನ ಜೊತೆ ನೆಟ್‌ವರ್ಕೂ ಹೋಗುತ್ತದೆ. ಡಾಕ್ಸ್ ಆ್ಯಪ್‌ನಲ್ಲಿ ಕಡತವನ್ನು ಆಫ್‌ಲೈನ್ ಲಭ್ಯವಿರುವಂತೆ ಮೊದಲೇ ಗುರುತಿಸಿಟ್ಟರೆ ನೆಟ್ ಇಲ್ಲದೆಯೂ ಬರೆಯಬಹುದು, ಸಿಗ್ನಲ್ ಬಂದಾಗ ತಾನಾಗಿ ಸೇರಿಕೊಳ್ಳುತ್ತದೆ. ಆದರೆ ಒಂದೇ ಪ್ಯಾರಾವನ್ನು ಇಬ್ಬರು ಹೀಗೆ ತಿದ್ದಿದರೆ ಗೊಂದಲವಾದೀತೆಂದು ನಾವು ಇತಿಹಾಸ, ಭೂಗೋಳ, ಅರ್ಥಶಾಸ್ತ್ರ ಎಂದು ವಿಭಾಗಗಳನ್ನು ಹಂಚಿಕೊಂಡಿದ್ದೇವೆ.

ಖರ್ಚಿನ ಮಾತು ಹೇಳುವುದಾದರೆ, ಇದಕ್ಕಾಗಿ ಸಂಬಳದಿಂದ ಒಂದು ರೂಪಾಯಿಯನ್ನೂ ಕೊಡಲು ನಾನು ಸಿದ್ಧಳಿಲ್ಲ. ಗೂಗಲ್‌ನಲ್ಲಿ ಉಚಿತವಾಗಿ 15 ಜಿಬಿ, ವರ್ಡ್ ಆನ್‌ಲೈನ್ ಕಡತಗಳನ್ನಿಡುವ ಒನ್‌ಡ್ರೈವ್‌ನಲ್ಲಿ 5 ಜಿಬಿ ಜಾಗ ಸಿಗುತ್ತದೆ. ಗೂಗಲ್‌ನ 15 ಜಿಬಿಯಲ್ಲಿ ಜಿಮೇಲ್ ಮತ್ತು ಫೋಟೋಗಳೂ ಪಾಲು ಕೇಳುವುದರಿಂದ ಶಾಲೆಯ ಕೆಲಸಕ್ಕೆ ಬೇರೆ ಖಾತೆ ತೆರೆದಿದ್ದೇನೆ. ಒಂದೇ ಶಾಲೆಯಲ್ಲಿ ಕುಳಿತು, ಕೋಷ್ಟಕಗಳೇ ಹೆಚ್ಚಿರುವ ಕಡತಗಳನ್ನು ಮಾಡುವವರು ವರ್ಡ್ ಆನ್‌ಲೈನ್ ಆರಿಸಿಕೊಂಡರೆ ನನ್ನ ಆಕ್ಷೇಪವಿಲ್ಲ. ಜೆರಾಕ್ಸ್ ಅಂಗಡಿಗೆ ಹೋಗುವಾಗ ಮಾತ್ರ ಯಾವುದರಲ್ಲಿ ಬರೆದಿದ್ದರೂ ಪಿಡಿಎಫ್ ಮಾಡಿಕೊಂಡು ಹೋಗಿ. ಫಾಂಟ್ ಅದರೊಳಗೇ ಇರುವುದರಿಂದ ಅಂಗಡಿಯ ಕಂಪ್ಯೂಟರಿನಲ್ಲಿ ಒತ್ತಕ್ಷರಗಳು ಚದುರುವುದಿಲ್ಲ.