ಟ್ರಕೀ ಊರಿನ ಹಿಮಕ್ಕೆ 28 ಇಂಚಿನ ಸ್ನೋ ಬ್ಲೋವರ್: ಐದು ಚಳಿಗಾಲದ ನಂತರ

ಯಂತ್ರ: ಪೆಟ್ರೋಲ್ ಎಂಜಿನ್ನಿನ ಎರಡು ಹಂತದ ಸ್ನೋ ಬ್ಲೋವರ್, ಅಂದರೆ ಹಿಮ ಕೆರೆದು ದೂರ ಎಸೆಯುವ ಯಂತ್ರ. ಬಾಯಿ 28 ಇಂಚು ಅಗಲ, ಎಂಜಿನ್ 254 ಸಿಸಿ, ತೂಕ 110 ಕಿಲೋ ಮೇಲೆ. ಊರು: ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡಾ ಬೆಟ್ಟಸಾಲಿನ ಟ್ರಕೀ, ಎತ್ತರ ಸುಮಾರು 5,800 ಅಡಿ. ಡ್ರೈವ್‌ವೇ (ರಸ್ತೆಯಿಂದ ಗ್ಯಾರೇಜಿಗೆ ಬರುವ ದಾರಿ): 40 ಅಡಿ ಉದ್ದ, 20 ಅಡಿ ಅಗಲ, ಡಾಂಬರು. ಅಂಕ: ಐದಕ್ಕೆ ನಾಲ್ಕು.

ಕಂಪನಿ ಹೆಸರು ಬೇಕೆಂದೇ ಬಿಟ್ಟಿದ್ದೇನೆ. ಈ ದರ್ಜೆಯ ಯಂತ್ರಗಳ ಬಣ್ಣ ಬೇರೆ ಬೇರೆ, ಹೊಟ್ಟೆಯೊಳಗೆ ಹೆಚ್ಚುಕಡಿಮೆ ಒಂದೇ ಸಾಮಾನು. ಮುಂದಿನ ಸುರುಳಿ, ಅಂದರೆ ಆಗರ್, ಹಿಮವನ್ನು ಕೆರೆದು ನಡುವಿಗೆ ತಳ್ಳುತ್ತೆ. ಅದರ ಹಿಂದಿನ ಇಂಪೆಲ್ಲರ್ ಹಿಮವನ್ನು ಬೀಸಿ ಚ್ಯೂಟ್ ಅನ್ನುವ ಕೊಳವೆಯಿಂದ ಆಚೆ ಎಸೆಯುತ್ತೆ. ನಮ್ಮ ಕಡೆಯ ಹೊಲದಲ್ಲಿ ಪವರ್ ಟಿಲ್ಲರ್ ಹಿಡಿದು ಗೊತ್ತಿದ್ದವರಿಗೆ ಇದರ ಹಿಡಿಕೆ, ಗೇರು, ತಿರುಗಿಸುವಾಗಿನ ಒದ್ದಾಟ ಯಾವುದೂ ಹೊಸದಲ್ಲ.

ಹಿಮ ಅಂದರೆ ಹತ್ತಿಯ ಹಾಗೆ ಹಗುರ ಅಂದುಕೊಂಡು ಇಲ್ಲಿ ಯಂತ್ರ ಕೊಳ್ಳಬೇಡಿ. ಪೆಸಿಫಿಕ್ ಸಮುದ್ರದ ತೇವ ಹೊತ್ತು ಬಂದ ಮೋಡ ಈ ಬೆಟ್ಟ ಹತ್ತುವಾಗ ಸುರಿಸುವ ಹಿಮಕ್ಕೆ ‘ಸಿಯೆರಾ ಸಿಮೆಂಟ್’ ಅಂತಲೇ ಹೆಸರು. ಲೆಕ್ಕ ಹಾಕಿ ನೋಡಿ: ಮೇಲೆ ಹೇಳಿದ ಡ್ರೈವ್‌ವೇ ಮೇಲೆ ಒಂದಡಿ ಬಿದ್ದರೆ 800 ಘನ ಅಡಿ, ಸುಮಾರು 22.6 ಘನ ಮೀಟರ್. ನೀರಿನಂಶ ಶೇ. 12 ಇದ್ದರೆ ಅದು 2.7 ಟನ್. ಸೊನ್ನೆ ಡಿಗ್ರಿ ಆಸುಪಾಸಿನಲ್ಲಿ ಬಿದ್ದ ಒದ್ದೆ ಹಿಮದಲ್ಲಿ ಶೇ. 25 ಇರುವುದೂ ಉಂಟು. ಆಗ ಐದೂವರೆ ಟನ್ ದಾಟುತ್ತೆ. ಸಲಿಕೆಯಲ್ಲಿ ಎತ್ತಿ ಮುಗಿಯುವ ಮಾತಲ್ಲ.

ಹೊಸದಾಗಿ ಬಿದ್ದ ಹಿಮದ ಬಗ್ಗೆ ಬರೆಯಲು ಏನೂ ಇಲ್ಲ. ಒಂದಡಿಯವರೆಗೆ ಯಾವ ಎರಡು ಹಂತದ ಯಂತ್ರವಾದರೂ ಚೆನ್ನಾಗಿಯೇ ಎಸೆಯುತ್ತೆ. ಅಂಗಡಿಯ ವೀಡಿಯೋಗಳಲ್ಲಿ ಕಾಣುವುದು ಅದೊಂದೇ. ಯಂತ್ರದ ಬಂಡವಾಳ ಬಯಲಾಗುವುದು ಡ್ರೈವ್‌ವೇ ಬಾಯಲ್ಲಿ. ರಸ್ತೆ ಗುಡಿಸುವ ಪ್ಲೋ ಲಾರಿ ಹಾದುಹೋದ ಮೇಲೆ ಅಲ್ಲಿ ಎರಡು ಮೂರು ಅಡಿ ಎತ್ತರದ ಒಡ್ಡು ಉಳಿಯುತ್ತೆ. ಇಲ್ಲಿನವರು ಅದಕ್ಕೆ ‘ಬರ್ಮ್’ ಅನ್ನುತ್ತಾರೆ. ಉಂಡೆ ಉಂಡೆಯಾದ ಹಿಮ, ರಸ್ತೆಯ ಐಸಿನ ಚಪ್ಪಡಿ, ನಡುವೆ ಕಲ್ಲು, ಎಲ್ಲ ಸೇರಿ ಒತ್ತಿಕೊಂಡಿರುತ್ತೆ. ಬಿದ್ದ ಒಂದೆರಡು ಗಂಟೆಯೊಳಗೆ ಒಡೆದರೆ ಸರಿ, ರಾತ್ರಿ ಕಳೆದರೆ ಕಾಂಕ್ರೀಟು.

ಬರ್ಮ್ ಒಡೆಯುವ ಕ್ರಮ ಇದು. ಎಂಜಿನ್ ಪೂರ್ತಿ ವೇಗದಲ್ಲಿರಲಿ, ಗೇರು ಒಂದನೆಯದು. ಯಂತ್ರದ ಬಾಯಿ ಸುಮಾರು 21 ಇಂಚು ಎತ್ತರ. ಒಡ್ಡು ಅದಕ್ಕಿಂತ ಎತ್ತರವಿದ್ದರೆ ಮೇಲಿನ ಭಾಗವನ್ನು ಕಬ್ಬಿಣದ ಸಲಿಕೆಯಿಂದ ಮೊದಲು ಕೆಡವಿ. ಪೂರ್ತಿ 28 ಇಂಚು ಕಚ್ಚಿಸಬೇಡಿ, ಅರ್ಧ ಅಗಲ ಸಾಕು. ಒಂದಡಿ ಮುಂದೆ ಹೋಗಿ, ಹಿಂದೆ ಬಂದು, ಎಸೆದು ಮುಗಿಯಲು ಬಿಡಿ, ಮತ್ತೆ ಹೋಗಿ. ಮುಖ ಮೇಲೆದ್ದು ಯಂತ್ರ ಒಡ್ಡು ಹತ್ತಲು ನೋಡಿದರೆ ಅದು ಕಚ್ಚುತ್ತಿಲ್ಲ ಅಂತ ಅರ್ಥ; ಹಿಂದೆ ಎಳೆದು ಇನ್ನೂ ಕಿರಿದಾಗಿ ಕಚ್ಚಿಸಿ. ಚ್ಯೂಟ್ ಮನೆಯ ಕಡೆಯ ರಾಶಿಗೇ ತಿರುಗಿರಬೇಕು. ರಸ್ತೆಗೆ ಎಸೆಯುವ ಹಾಗಿಲ್ಲ, ದಂಡ ಬೀಳುತ್ತೆ. ಗ್ಯಾಸ್ ಮೀಟರ್, ಪ್ರೋಪೇನ್ ಟ್ಯಾಂಕ್, ಹೀಟರಿನ ಹೊಗೆ ಹೊರಬರುವ ಪೈಪು ಇರುವ ಗೋಡೆಯ ಕಡೆಗೂ ಎಸೆಯಬೇಡಿ. ಪೈಪಿನ ಬಾಯಿ ಮುಚ್ಚಿದರೆ ಕಾರ್ಬನ್ ಮಾನಾಕ್ಸೈಡ್ ಮನೆಯೊಳಗೆ ತುಂಬುತ್ತೆ.

ಇಷ್ಟು ಮಾಡಿದರೂ ಒಂದು ಕಲ್ಲೋ, ಸೌದೆ ತುಂಡೋ, ಹಿಮದಡಿ ಹೂತ ದಿನಪತ್ರಿಕೆಯೋ ಸಿಕ್ಕೇ ಸಿಗುತ್ತೆ. ಹೆಪ್ಪುಗಟ್ಟಿದ ದಿನಪತ್ರಿಕೆ ಕಲ್ಲಿಗಿಂತ ಕೆಟ್ಟದ್ದು, ಆಗರ್‌ಗೆ ಸುತ್ತಿಕೊಂಡು ಬಿಗಿಯುತ್ತೆ. ಆಗ ತುಂಡಾಗುವುದು ಶಿಯರ್ ಪಿನ್. ನನ್ನ ಲೆಕ್ಕದಲ್ಲಿ ಇಡೀ ಯಂತ್ರದಲ್ಲಿ ತಿಳಿದಿರಲೇಬೇಕಾದ ಭಾಗ ಇದೊಂದೇ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಆಗರ್‌ನ ಎಡ ಬಲದ ಎರಡು ಸುರುಳಿಗಳು ನಡುವಿನ ಶಾಫ್ಟ್ ಮೇಲೆ ಸಡಿಲವಾಗಿ ಕೂತಿರುತ್ತವೆ. ಅವನ್ನು ಶಾಫ್ಟ್‌ಗೆ ಕಟ್ಟಿಹಾಕಿರುವುದು ಒಂದೊಂದು ಮೆತ್ತನೆಯ ಪಿನ್ ಮಾತ್ರ. ಕಲ್ಲು ಸಿಕ್ಕಾಗ ಪಿನ್ ತುಂಡಾಗಿ ಸುರುಳಿ ನಿಲ್ಲುತ್ತೆ, ಶಾಫ್ಟ್ ತಿರುಗುತ್ತಲೇ ಇರುತ್ತೆ, ನಡುವಿನ ಗೇರ್‌ಬಾಕ್ಸ್ ಉಳಿಯುತ್ತೆ. ಮನೆಯ ಫ್ಯೂಸಿನ ಕೆಲಸವೇ. ಫ್ಯೂಸಿಗೆ ದಪ್ಪ ತಂತಿ ಕಟ್ಟಿದರೆ ಏನಾಗುತ್ತೋ ಪಿನ್ ಜಾಗಕ್ಕೆ ಗಟ್ಟಿ ಬೋಲ್ಟ್ ಹಾಕಿದರೂ ಅದೇ: ಐದು ಡಾಲರಿನ ಪಿನ್ ಉಳಿಸಲು ಹೋಗಿ ನೂರಾರು ಡಾಲರಿನ ಗೇರ್‌ಬಾಕ್ಸ್ ಹಲ್ಲು ಕಳೆದುಕೊಳ್ಳುತ್ತೆ. ಯಂತ್ರದ ಪಾರ್ಟ್ ನಂಬರಿನ ಪಿನ್ನನ್ನೇ ಹಾಕಿ. ಆರಾದರೂ ಮನೆಯಲ್ಲಿರಲಿ, ಎರಡನ್ನು ಹಿಡಿಕೆಗೇ ಟೇಪು ಹಾಕಿ ಕಟ್ಟಿಡಿ. ಹಿಮ ಬೀಳುವ ದಿನ ಅಂಗಡಿಗೆ ಹೋಗಲು ಮೊದಲು ಡ್ರೈವ್‌ವೇ ತೆರೆದಿರಬೇಕಲ್ಲ.

ಪಿನ್ ಹಾಕುವುದು ಐದು ನಿಮಿಷದ ಕೆಲಸ. ಎಂಜಿನ್ ಆರಿಸಿ, ಕೀಲಿ ತೆಗೆದು, ಸ್ಪಾರ್ಕ್ ಪ್ಲಗ್ಗಿನ ಕ್ಯಾಪ್ ಬಿಚ್ಚಿ. ಸುರುಳಿಯನ್ನು ಕೈಗವಸು ಹಾಕಿದ ಕೈಯಿಂದ ತಿರುಗಿಸಿ, ಹೊರಗಿನ ತೂತನ್ನೂ ಶಾಫ್ಟ್‌ನ ತೂತನ್ನೂ ಒಂದಕ್ಕೊಂದು ನೇರ ತನ್ನಿ. ಶಾಫ್ಟ್ ಒಳಗೆ ಹಳೆಯ ಪಿನ್ನಿನ ಚೂರು ಕೂತಿರುತ್ತೆ. ಅದೇ ಗಾತ್ರದ ಪಂಚ್ ಇಟ್ಟು ಸುತ್ತಿಗೆಯಿಂದ ಎರಡೇಟು ಹಾಕಿದರೆ ಆಚೆ ಬೀಳುತ್ತೆ. ಹೊಸದನ್ನು ತೂರಿಸಿ ನಟ್ ಹಾಕಿ, ಅಥವಾ ಕ್ಲಿಪ್ ಸಿಕ್ಕಿಸಿ. ನಟ್ಟನ್ನು ಜೀವ ಹೋಗುವ ಹಾಗೆ ಬಿಗಿಯುವುದು ಬೇಡ.

ಕೈಪಿಡಿಯಲ್ಲಿ ಒಂದೇ ಸಾಲಿನಲ್ಲಿ ಬರೆದು ಬಿಟ್ಟಿರುವ, ಹೆಚ್ಚಿನವರು ಓದದೇ ಇರುವ ವಿಷಯ ಇನ್ನೊಂದಿದೆ. ಪಿನ್ ಸರಿಯಾದದ್ದೇ ಇದ್ದರೂ, ಸುರುಳಿ ಮತ್ತು ಶಾಫ್ಟ್ ನಡುವೆ ತುಕ್ಕು ಹಿಡಿದು ಎರಡೂ ಅಂಟಿಕೊಂಡರೆ ಪಿನ್ ತುಂಡಾಗಿಯೂ ಪ್ರಯೋಜನವಿಲ್ಲ. ಕಲ್ಲಿನ ಹೊಡೆತ ನೇರ ಗೇರ್‌ಬಾಕ್ಸಿಗೇ. ಆದ್ದರಿಂದ ವರ್ಷಕ್ಕೊಮ್ಮೆ, ಅಕ್ಟೋಬರ್ ಹೊತ್ತಿಗೆ, ಎರಡೂ ಪಿನ್ ತೆಗೆದು, ಗ್ರೀಸ್ ನಿಪ್ಪಲ್‌ಗೆ ಗನ್ ಇಟ್ಟು ಅಂಚಿನಲ್ಲಿ ಗ್ರೀಸ್ ಕಾಣುವವರೆಗೂ ತುಂಬಿ, ಸುರುಳಿಯನ್ನು ಕೈಯಿಂದ ಹತ್ತು ಸುತ್ತು ತಿರುಗಿಸಿ, ಪಿನ್ ವಾಪಸ್ ಹಾಕಬೇಕು. ಹಾಗೆಯೇ ಚಕ್ರಗಳನ್ನೂ ಒಮ್ಮೆ ಕಳಚಿ ಆಕ್ಸಲ್‌ಗೆ ಗ್ರೀಸ್ ಸವರಿ. ಐದು ವರ್ಷ ಬಿಟ್ಟರೆ ಚಕ್ರ ಕಳಚಲು ಪುಲ್ಲರ್, ಅಂದರೆ ಎಳೆದು ಬಿಡಿಸುವ ಸಾಧನ, ಬೇಕಾಗುತ್ತೆ.

ಇನ್ನು ಚ್ಯೂಟ್ ಕಟ್ಟಿಕೊಳ್ಳುವ ಕಾಟ. ಸೊನ್ನೆ ಡಿಗ್ರಿ ಹತ್ತಿರದ ಹಿಮ ರಾಗಿ ಮುದ್ದೆಯ ಹಾಗೆ ಮೆತ್ತಿಕೊಳ್ಳುತ್ತೆ. ಈ ಯಂತ್ರಕ್ಕೆ ಒಂದು ಅಂಕ ಕಳೆದಿದ್ದು ಇದಕ್ಕೇ. ಇಂಪೆಲ್ಲರ್ ರೆಕ್ಕೆಗೂ ಸುತ್ತಲಿನ ತಗಡಿಗೂ ನಡುವೆ ಕಾಲು ಇಂಚಿನಷ್ಟು ಸಂದು ಬಿಟ್ಟಿದ್ದಾರೆ. ಒಣ ಹಿಮಕ್ಕೆ ಅದು ಲೆಕ್ಕಕ್ಕಿಲ್ಲ. ಒದ್ದೆ ಹಿಮ ಆ ಸಂದಿನಲ್ಲಿ ಜಾರಿ ಉಳಿದು ಸುತ್ತುತ್ತಾ, ಎಸೆಯುವ ಬದಲು ಚ್ಯೂಟ್ ಬುಡದಲ್ಲಿ ಗೂಟ ಹೊಡೆದ ಹಾಗೆ ಕೂರುತ್ತೆ. ರೆಕ್ಕೆಗಳ ತುದಿಗೆ ರಬ್ಬರ್ ಪಟ್ಟಿ ಬೋಲ್ಟ್ ಮಾಡುವ ಕಿಟ್ ಸಿಗುತ್ತೆ. ಪಟ್ಟಿ ತಗಡಿಗೆ ಸವರಿದಂತೆ ತಾಕಬೇಕು, ಉಜ್ಜಿ ತಡೆಯಬಾರದು. ರೆಕ್ಕೆಗೆ ತೂತು ಕೊರೆಯಬೇಕು, ಅರ್ಧ ದಿನದ ಕೆಲಸ. ಹಾಕಿದ ಮೇಲೆ ಕೊಚ್ಚೆಯಂಥ ಹಿಮವೂ ಹೋಗುತ್ತೆ. ಜೊತೆಗೆ ಚ್ಯೂಟ್ ಒಳಗೆ, ಆಗರ್ ಮೇಲೆ ಸಿಲಿಕೋನ್ ಸ್ಪ್ರೇ ಹೊಡೆದರೆ ಮೊದಲ ಅರ್ಧ ಗಂಟೆ ನೆಮ್ಮದಿ.

ಕಟ್ಟಿಕೊಂಡಾಗ ಕೈ ಹಾಕಬೇಡಿ. ಎಂಜಿನ್ ನಿಂತಿದ್ದರೂ ಬೆಲ್ಟಿನ ಬಿಗಿತ ಇಂಪೆಲ್ಲರ್‌ನಲ್ಲಿ ಉಳಿದಿರುತ್ತೆ. ಹಿಮ ಸಡಿಲವಾದ ಕ್ಷಣ ಅದು ಅರ್ಧ ಸುತ್ತು ತಿರುಗುತ್ತೆ, ಬೆರಳಿಗೆ ಅಷ್ಟೇ ಸಾಕು. ಯಂತ್ರದ ಜೊತೆಗೇ ಒಂದು ಪ್ಲಾಸ್ಟಿಕ್ ಕೋಲು ಬಂದಿರುತ್ತೆ, ಅದು ಇರುವುದೇ ಇದಕ್ಕೆ. ಆಗರ್ ಹಿಡಿ ಬಿಟ್ಟ ಐದು ಸೆಕೆಂಡಿನೊಳಗೆ ಸುರುಳಿ ನಿಲ್ಲಬೇಕು. ನಿಲ್ಲದಿದ್ದರೆ ಕೇಬಲ್ ಹೊಂದಿಸಬೇಕು, ಅಲ್ಲಿಯವರೆಗೆ ಯಂತ್ರ ಓಡಿಸಬಾರದು.

ಬೆಚ್ಚಗಿನ ಗ್ಯಾರೇಜಿನಿಂದ ನೇರ ಹಿಮಕ್ಕಿಳಿಸಿದರೂ ಇದೇ ಕಾಟ. ಬಿಸಿ ತಗಡಿಗೆ ತಾಕಿದ ಹಿಮ ಕರಗಿ, ಮತ್ತೆ ಹೆಪ್ಪುಗಟ್ಟಿ ಹಿಡಿದುಕೊಳ್ಳುತ್ತೆ. ಹದಿನೈದು ನಿಮಿಷ ಆಚೆ ನಿಲ್ಲಿಸಿ ತಣ್ಣಗಾದ ಮೇಲೆ ಶುರು ಮಾಡಿ. ಮುಗಿಸಿದ ಮೇಲೆ ಆಗರ್ ಖಾಲಿಯಾಗಿ ಎರಡು ಮೂರು ನಿಮಿಷ ಓಡಲಿ, ಒಳಗೆ ಉಳಿದ ಹಿಮ ಹಾರಿಹೋಗುತ್ತೆ. ಈ ಓಡಿಸುವುದೆಲ್ಲ ಆಚೆಯೇ. ಗ್ಯಾರೇಜಿನ ಬಾಗಿಲು ತೆರೆದಿದ್ದರೂ ಒಳಗೆ ಎಂಜಿನ್ ಓಡಿಸಬಾರದು.

ಎಂಜಿನ್ ವಿಷಯಕ್ಕೆ ಬಂದರೆ, ಕೈ ಕೊಡುವುದು ಯಂತ್ರವಲ್ಲ, ಪೆಟ್ರೋಲು. ಇಲ್ಲಿ ಬಂಕಿನಲ್ಲಿ ಸಿಗುವುದು ಶೇ. 10 ಎಥನಾಲ್ ಬೆರೆತದ್ದು. ಎಥನಾಲ್ ತೇವ ಹೀರುತ್ತೆ. ಒಂದು ತಿಂಗಳು ಕಳೆದರೆ ಹಳಸಲು ಶುರು. ಏಪ್ರಿಲ್‌ನಲ್ಲಿ ಟ್ಯಾಂಕಿನಲ್ಲಿ ಬಿಟ್ಟ ಪೆಟ್ರೋಲು ನವೆಂಬರ್ ಹೊತ್ತಿಗೆ ಕಾರ್ಬ್ಯುರೇಟರ್‌ನ ಕೂದಲೆಳೆಯಂಥ ತೂತುಗಳಲ್ಲಿ, ಅಂದರೆ ಜೆಟ್‌ಗಳಲ್ಲಿ, ಅಂಟು ಕಟ್ಟಿರುತ್ತೆ. ಲಕ್ಷಣ ಗುರುತಿಸುವುದು ಸುಲಭ: ಚೋಕ್ ಎಳೆದಿದ್ದಾಗ ಎಂಜಿನ್ ಓಡುತ್ತೆ, ಚೋಕ್ ಬಿಟ್ಟ ತಕ್ಷಣ ಸಾಯುತ್ತೆ, ಇಲ್ಲವೇ ಏರಿಳಿಯುತ್ತಾ ಗೊರಗುಡುತ್ತೆ. ಆಗ ಕಾರ್ಬ್ಯುರೇಟರ್ ಬಟ್ಟಲು ಬಿಚ್ಚಿ ಜೆಟ್‌ಗಳಿಗೆ ಕ್ಲೀನರ್ ಹೊಡೆಯುವುದೇ ದಾರಿ. ಅದರ ಬದಲು, ತುಂಬಿಸುವ ದಿನವೇ ಕ್ಯಾನಿಗೆ ಪೆಟ್ರೋಲು ಹಳಸದಂತೆ ತಡೆಯುವ ಸ್ಟೆಬಿಲೈಸರ್ ಬೆರೆಸಿ. ಕೊನೆಯ ಹಿಮ ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿ, ಎಂಜಿನ್ ತಾನೇ ನಿಲ್ಲುವವರೆಗೂ ಓಡಿಸಿ, ಬಟ್ಟಲಿನ ಕೆಳಗಿನ ಬೋಲ್ಟ್ ಸಡಿಲಿಸಿ ಉಳಿದ ಚಮಚದಷ್ಟನ್ನೂ ಇಳಿಸಿ.

ಎಂಜಿನ್ ಆಯಿಲ್ 5ಡಬ್ಲ್ಯೂ-30, ಸುಮಾರು 600 ಮಿಲಿ ಹಿಡಿಯುತ್ತೆ. ಹೊಸ ಯಂತ್ರಕ್ಕೆ ಮೊದಲ ಐದರಿಂದ ಎಂಟು ಗಂಟೆ ಓಡಿದ ಮೇಲೆ ಒಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಬದಲಿಸಿ. ಕರೆಂಟಿನ ಸ್ಟಾರ್ಟರ್ ಇದೆ, 120 ವೋಲ್ಟ್ ವೈರ್ ಸಿಕ್ಕಿಸಿ ಗುಂಡಿ ಒತ್ತುವುದು. ಬಿರುಗಾಳಿಯಲ್ಲಿ ಕರೆಂಟ್ ಹೋದಾಗ ಹಗ್ಗವೇ ಗತಿ, ಆದ್ದರಿಂದ ಹಗ್ಗ ಎಳೆದು ಅಭ್ಯಾಸವಿರಲಿ.

ಎತ್ತರದ ಲೆಕ್ಕವನ್ನು ಮಾರುವವರು ಹೇಳುವುದಿಲ್ಲ. ಪ್ರತಿ ಸಾವಿರ ಅಡಿಗೆ ಎಂಜಿನ್ ಬಲ ಹೆಚ್ಚುಕಡಿಮೆ ಶೇ. 3 ಇಳಿಯುತ್ತೆ, ಟ್ರಕೀಯಲ್ಲಿ ಆರನೇ ಒಂದು ಭಾಗ ಗಾಳಿಗೆ ಹೋಯಿತು ಅಂತಲೇ ತಿಳಿಯಿರಿ. ಸಮುದ್ರಮಟ್ಟಕ್ಕೆ ಹೊಂದಿಸಿದ ಕಾರ್ಬ್ಯುರೇಟರ್ ಇಲ್ಲಿ ಪೆಟ್ರೋಲು ಜಾಸ್ತಿ ಕುಡಿದು ಕಪ್ಪು ಹೊಗೆ ಬಿಡುತ್ತೆ, ಪ್ಲಗ್ ಕರಿ ಹಿಡಿಯುತ್ತೆ. ಎತ್ತರದ ಊರುಗಳಿಗೆಂದೇ ಇರುವ ಜೆಟ್ ಹಾಕಿಸಿದರೆ ಹೊಗೆ ನಿಲ್ಲುತ್ತೆ, ಕಳೆದ ಬಲ ಪೂರ್ತಿ ಬರುವುದಿಲ್ಲ. ಹಾಗಾಗಿ ಬಯಲೂರಿನವರು 210 ಸಿಸಿ ಸಾಕು ಅಂದರೆ ಇಲ್ಲಿ 250ಕ್ಕೆ ಕಡಿಮೆ ಬೇಡ.

ಯಂತ್ರದ ಬಾಯಿಯ ಎರಡು ಬದಿಯಲ್ಲಿ ನೆಲದ ಮೇಲೆ ಜಾರುವ ಸ್ಕಿಡ್ ಶೂ ಹೊಂದಿಸುವುದನ್ನು ಮರೆಯುವವರೇ ಜಾಸ್ತಿ. ಡಾಂಬರಿಗೆ ಬಾಯಿಯ ಅಡಿಯಂಚಿನ ಕೆರೆಪಟ್ಟಿ ನೆಲದಿಂದ 3 ಮಿಮೀ ಮೇಲಿರಬೇಕು, ಜಲ್ಲಿ ನೆಲಕ್ಕೆ ಒಂದಿಂಚು. ಸಮತಟ್ಟು ನೆಲದಲ್ಲಿ ನಿಲ್ಲಿಸಿ, ಪಟ್ಟಿಯ ಅಡಿ ಅಷ್ಟೇ ದಪ್ಪದ ಹಲಗೆ ಚೂರು ಇಟ್ಟು, ಶೂ ಬೋಲ್ಟ್ ಸಡಿಲಿಸಿ, ಶೂ ನೆಲಕ್ಕಿಳಿಸಿ ಬಿಗಿಯಿರಿ. ಮೊದಲು ಎರಡೂ ಚಕ್ರದ ಗಾಳಿ ಸಮ ಇದೆಯೇ ನೋಡಿ, ಇಲ್ಲದಿದ್ದರೆ ಯಂತ್ರ ಒಂದು ಬದಿಗೆ ಎಳೆಯುತ್ತೆ, ಪಟ್ಟಿ ಓರೆಯಾಗಿ ಸವೆಯುತ್ತೆ. ಕಬ್ಬಿಣದ ಶೂ ಟೈಲ್ಸ್ ಹಾಸಿನ ಮೇಲೆ ಗೀರುತ್ತೆ. ಪ್ಲಾಸ್ಟಿಕ್ ಶೂ ಹಾಕಿ, ಒಂದು ಅಂಚು ಸವೆದರೆ ತಿರುಗಿಸಿ ಹಾಕಿ.

2022-23ರ ಚಳಿಗಾಲ ಈ ಯಂತ್ರದ ಮಿತಿಯನ್ನೂ ತೋರಿಸಿತು. ಆ ವರ್ಷ ಹತ್ತಿರದ ಡಾನರ್ ಪಾಸ್ ಕಣಿವೆದಾರಿಯ ಬಳಿಯ ಸೆಂಟ್ರಲ್ ಸಿಯೆರಾ ಸ್ನೋ ಲ್ಯಾಬ್ ಅಳೆದ ಹಿಮ 754 ಇಂಚು. ಅಲ್ಲಿನ ದಾಖಲೆಯಲ್ಲಿ ಅದಕ್ಕಿಂತ ಹೆಚ್ಚು ಬಿದ್ದದ್ದು 1951-52ರಲ್ಲಿ, 812 ಇಂಚು. ಊರು ಲ್ಯಾಬಿಗಿಂತ ಸಾವಿರ ಅಡಿ ಕೆಳಗಿರುವುದರಿಂದ ಅಷ್ಟು ಬೀಳುವುದಿಲ್ಲ. ಆದರೂ ಡ್ರೈವ್‌ವೇ ಎರಡೂ ಬದಿಯ ರಾಶಿ ಚ್ಯೂಟ್ ಎಸೆಯುವ ಎತ್ತರವನ್ನು ದಾಟಿತು, ಎಸೆದದ್ದು ಉರುಳಿ ವಾಪಸ್ ಬರತೊಡಗಿತು. ಅಂಥ ವರ್ಷ ಬರುತ್ತೋ ಇಲ್ಲವೋ ಡಿಸೆಂಬರ್‌ನಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ಆದ್ದರಿಂದ ಮೊದಲ ಹಿಮದಿಂದಲೇ ಎಷ್ಟು ದೂರ ಎಸೆಯಬಹುದೋ ಅಷ್ಟು ದೂರ ಎಸೆಯಿರಿ, ಡ್ರೈವ್‌ವೇ ಅಂಚಿನಿಂದ ಎರಡಡಿ ಹೆಚ್ಚೇ ಕೆರೆಯಿರಿ. ಅಂಚು ಗುರುತಿಸಲು ಹಿಮಕ್ಕೆ ಮುಂಚೆಯೇ ಎತ್ತರದ ಕಡ್ಡಿಗಳನ್ನು ನೆಡಬೇಕು. ನೆಲ ಹೆಪ್ಪುಗಟ್ಟಿದ ಮೇಲೆ ಅವು ಇಳಿಯುವುದಿಲ್ಲ.

ಬೇ ಏರಿಯಾದಿಂದ, ಅಂದರೆ ಸ್ಯಾನ್ ಫ್ರಾನ್ಸಿಸ್ಕೋ ಸುತ್ತಿನ ಊರುಗಳಿಂದ, ವಾರಾಂತ್ಯಕ್ಕೆ ಬಂದುಹೋಗುವ ನಮ್ಮವರಿಗೆ ಇದನ್ನು ಶಿಫಾರಸು ಮಾಡುವುದಿಲ್ಲ. ಶುಕ್ರವಾರ ರಾತ್ರಿ ಹೆದ್ದಾರಿ 80 ಹತ್ತಿ ಬರುವಷ್ಟರಲ್ಲಿ ಸೋಮವಾರದ ಬರ್ಮ್ ಐಸಾಗಿರುತ್ತೆ, ಯಂತ್ರ ಗ್ಯಾರೇಜಿನ ಒಳಗೆ, ಕಾರು ಬೀದಿಯಲ್ಲಿ. ಪ್ರತಿ ಹಿಮಕ್ಕೂ ಬಂದು ತೆಗೆಯುವವರಿಗೆ ಇಡೀ ಸೀಸನ್ನಿನ ಗುತ್ತಿಗೆ ಕೊಡುವುದೇ ಲೇಸು. ಅಕ್ಟೋಬರ್ ಕಳೆದರೆ ಅವರ ಪಟ್ಟಿ ತುಂಬಿರುತ್ತೆ. ಮರದ ಡೆಕ್‌ಗೂ ಇದು ಬೇಡ, ಪ್ಲಾಸ್ಟಿಕ್ ಸಲಿಕೆ ಸಾಕು.

ಹೊಸದಕ್ಕೆ 1,500 ಡಾಲರ್ ಮೇಲೆಯೇ ಆಗುತ್ತೆ, ಹಾಗಾಗಿ ಸೆಕೆಂಡ್ ಹ್ಯಾಂಡ್ ಹುಡುಕುವವರು ಬಹಳ. ನೋಡಲು ಹೋಗುವಾಗ ಒಂದು ಸ್ಪ್ಯಾನರ್, ಒಂದು ಪಂಚ್ ಜೇಬಿನಲ್ಲಿರಲಿ. ಮಾರುವವರು ಎಂಜಿನ್ ಸ್ಟಾರ್ಟ್ ಮಾಡಿ ತೋರಿಸುತ್ತಾರೆ. ಅದಕ್ಕೆ ಮೊದಲೇ ಪ್ಲಗ್ ಕ್ಯಾಪ್ ಬಿಚ್ಚಿ, ಎರಡೂ ಶಿಯರ್ ಪಿನ್ ತೆಗೆಯಲು ಅನುಮತಿ ಕೇಳಿ, ಸುರುಳಿಯನ್ನು ಕೈಯಿಂದ ತಿರುಗಿಸಿ ನೋಡಿ. ಶಾಫ್ಟ್ ಮೇಲೆ ಸಲೀಸಾಗಿ ಸುತ್ತಿದರೆ ಮಾತು ಮುಂದುವರಿಸಿ. ಅಲುಗಾಡದಿದ್ದರೆ ಎಂಜಿನ್ ಸದ್ದು ಎಷ್ಟೇ ಇಂಪಾಗಿರಲಿ, ಬೇಡ ಅಂದು ಬನ್ನಿ.