ಪುಸ್ತಕದಲ್ಲಿದ್ದ ಕತ್ತಲೆ, ಪರದೆಗೆ ಬಳಿದ ಕತ್ತಲೆ: ಕೆಲವು ಮಾಯಾಕಥೆಗಳ ಹೋಲಿಕೆ

ಪುಸ್ತಕದಲ್ಲಿ ಅರ್ಧ ಸಾಲಿಗೆ ಮುಗಿದ ಸಂಗತಿ ಪರದೆಗೆ ಬರುವಷ್ಟರಲ್ಲಿ ಮೂರು ನಿಮಿಷದ ಹಸಿಬಿಸಿ ದೃಶ್ಯ ಆಗಿರುತ್ತದೆ. ಇನ್ನು ಕೆಲವು ಸಲ, ಓದುವಾಗ ಎದೆ ಹಿಂಡಿದ ಸಾವೇ ಪರದೆಯಿಂದ ನಾಪತ್ತೆ. ‘ಚಂದದ ಕಥೆ ಕೆಡಿಸಿಬಿಟ್ಟರು’ ಅನ್ನುವ ದೂರು ಮೊದಲನೆಯದಕ್ಕೆ ಮಾತ್ರ ಬರುತ್ತದೆ. ಎರಡನೆಯದೂ ಅಷ್ಟೇ ಕೆಡಿಸುತ್ತದೆ. ಅದು ಕಾಣಬೇಕಾದರೆ ಪುಸ್ತಕವನ್ನೂ ಪರದೆಯನ್ನೂ ಪಕ್ಕಪಕ್ಕಕ್ಕೆ ಇಡಬೇಕು.

ಶಿವಮೊಗ್ಗದ ಮಳೆಗಾಲ ಇಂಥ ಕೆಲಸಕ್ಕೆ ಹೇಳಿ ಮಾಡಿಸಿದ್ದು. ನಾವು ಅನುಸರಿಸಿದ ಕ್ರಮ ಇಷ್ಟು: ಮೊದಲು ಪುಸ್ತಕ, ಆಮೇಲೆ ಪರದೆ. ಅಂಗಡಿ ಲೆಕ್ಕದ ಉದ್ದನೆಯ ಪುಸ್ತಕದಲ್ಲಿ ಮೂರು ಕಲಂ. ಒಂದು, ಈ ದೃಶ್ಯ ಮೂಲದಲ್ಲಿ ಇದೆಯೇ, ಸುಳಿವು ಮಾತ್ರವೇ, ಇಲ್ಲವೇ ಇಲ್ಲವೇ. ಎರಡು, ಇದನ್ನು ತೆಗೆದರೆ ಮುಂದಿನ ದೃಶ್ಯ ನಿಲ್ಲುತ್ತದೋ ಕುಂಟುತ್ತದೋ. ಮೂರು, ಕ್ಯಾಮೆರಾ ದಿಟ್ಟಿಸುತ್ತದೋ, ಮುಖ ತಿರುಗಿಸುತ್ತದೋ, ಬರೀ ಕೇಳಿಸುತ್ತದೋ. ಅನುಮಾನ ಬಂದ ಕಡೆ ಇನ್ನೊಂದು ಪರೀಕ್ಷೆ: ಕಣ್ಣು ಮುಚ್ಚಿಕೊಂಡು ಆ ದೃಶ್ಯವನ್ನು ಕೇಳುವುದು. ಕಥೆಗೆ ಬೇಕಾದ್ದೆಲ್ಲ ಕಿವಿಗೇ ಸಿಕ್ಕಿತು ಅಂದರೆ ಅಲ್ಲಿ ಬತ್ತಲೆ ಮೈ ಬರೀ ಅಲಂಕಾರ.

ಮೊದಲ ಜೋಡಿ ಒಂದೇ ಪುಸ್ತಕದ ಎರಡು ರೂಪ. ಫಿಲಿಪ್ ಪುಲ್‌ಮನ್‌ರ 1995ರ ‘ನಾರ್ದರ್ನ್ ಲೈಟ್ಸ್’ 2007ರಲ್ಲಿ ‘ದಿ ಗೋಲ್ಡನ್ ಕಂಪಾಸ್’ ಎಂಬ ಸಿನಿಮಾ ಆಯಿತು. 2019ರಿಂದ ‘ಹಿಸ್ ಡಾರ್ಕ್ ಮೆಟೀರಿಯಲ್ಸ್’ ಎಂಬ ಧಾರಾವಾಹಿಯಾಗಿ ಮೂರು ಸೀಸನ್‌ಗಳಲ್ಲಿ ಆ ಸರಣಿಯ ಮೂರೂ ಪುಸ್ತಕ ಮುಗಿಸಿತು. ಈ ಲೋಕದಲ್ಲಿ ಪ್ರತಿಯೊಬ್ಬರ ಪ್ರಾಣದ ಒಂದು ಪಾಲು ಡೀಮನ್ ಎಂಬ ಪ್ರಾಣಿಯಾಗಿ ಜೊತೆಗೇ ಓಡಾಡುತ್ತದೆ. ಮಕ್ಕಳನ್ನು ಕದ್ದು ಆ ಪ್ರಾಣಿಯಿಂದ ಕತ್ತರಿಸಿ ಬೇರೆ ಮಾಡುವ ಜನರೇ ಕಥೆಯ ಭಯ. ಪುಸ್ತಕದಲ್ಲಿ ಹಾಗೆ ಕತ್ತರಿಸಿಕೊಂಡ ಹುಡುಗನೊಬ್ಬ ಹಿಮದ ನಡುವಿನ ಶೆಡ್ಡಿನಲ್ಲಿ ಸಿಗುತ್ತಾನೆ. ಕಳೆದುಹೋದ ಡೀಮನ್ನಿನ ಬದಲಿಗೆ ಒಂದು ಒಣಮೀನನ್ನು ಎದೆಗವಚಿ ಹಿಡಿದಿರುತ್ತಾನೆ. ಒಂದು ಹನಿ ರಕ್ತ ಇಲ್ಲ, ಬೈಗುಳ ಇಲ್ಲ. ಈ ಇಡೀ ಪಟ್ಟಿಯಲ್ಲಿ ಇದಕ್ಕಿಂತ ‘ದೊಡ್ಡವರ’ ದೃಶ್ಯ ಇನ್ನೊಂದಿಲ್ಲ.

ಸಿನಿಮಾ ಪುಸ್ತಕದ ಕೊನೆಯ ಮೂರು ಅಧ್ಯಾಯಗಳನ್ನು ಬಿಟ್ಟುಬಿಟ್ಟಿತು. ಕಥಾನಾಯಕಿ ಲೈರಾಳ ಗೆಳೆಯ ರೋಜರ್ ಸಾಯುವುದು ಅಲ್ಲಿ, ಅದೂ ಲೈರಾಳ ತಂದೆಯ ಕೈಯಿಂದ. ಸಿನಿಮಾದಲ್ಲಿ ಇಬ್ಬರೂ ಆಕಾಶನೌಕೆಯಲ್ಲಿ ನಗುನಗುತ್ತ ತಂದೆಯತ್ತ ಹೊರಡುವಲ್ಲಿಗೆ ಶುಭಂ. ಮುಂದಿನ ಭಾಗಕ್ಕೆಂದು ಎತ್ತಿಟ್ಟುಕೊಂಡರು, ಆ ಮುಂದಿನ ಭಾಗ ಬರಲೇ ಇಲ್ಲ. ಧಾರಾವಾಹಿಯ ಮೊದಲ ಸೀಸನ್ 8 ಕಂತು, ರೋಜರ್‌ನ ಸಾವು ಎಂಟನೆಯದರಲ್ಲಿ. ಹಿಮದ ಹುಡುಗ ಅಲ್ಲಿ ಬೇರೆ ಹೆಸರಿನವನು, ಆದರೆ ಸಾಯುತ್ತಾನೆ. ಮಕ್ಕಳಿಗೆ ತೋರಿಸಬಹುದೇ ಅಂದರೆ, ಹತ್ತು-ಹನ್ನೊಂದರ ಮಕ್ಕಳು ಸಾವಿಗೆ ಅಳುತ್ತಾರೆ, ಆದರೆ ತಬ್ಬಿಬ್ಬಾಗುವುದಿಲ್ಲ. ತಬ್ಬಿಬ್ಬಾಗುವುದು ಸಿನಿಮಾ ನೋಡಿದಾಗ: ‘ಇಷ್ಟಕ್ಕೇ ಮುಗೀತಾ?’ ಇಲ್ಲಿ ಗೆದ್ದದ್ದು ಧಾರಾವಾಹಿ, ಎರಡು ಮಾತಿಲ್ಲ.

ಇನ್ನು ಉಂಗುರದ ಕಥೆಗೆ, ಅಂದರೆ ಟೋಲ್ಕಿನ್‌ರ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ಗೆ ಬರೋಣ. ಪೀಟರ್ ಜಾಕ್ಸನ್‌ರ ಮೂರು ಸಿನಿಮಾ (2001, 2002, 2003) ಅಮೆರಿಕದಲ್ಲಿ ಪಿಜಿ-13 (ಹದಿಮೂರರೊಳಗಿನವರಿಗೆ ಹೆತ್ತವರ ಎಚ್ಚರಿಕೆ ಬೇಕೆನ್ನುವ) ದರ್ಜೆಯವು. ಕತ್ತಿ ಕಾಳಗ ಬೇಕಾದಷ್ಟಿದೆ, ಬತ್ತಲೆ ಇಲ್ಲ. ಮಿನಾಸ್ ತಿರಿತ್ ಎಂಬ ಕೋಟೆನಗರದ ಮುತ್ತಿಗೆಯಲ್ಲಿ ಸತ್ತ ಸೈನಿಕರ ತಲೆಗಳನ್ನು ಕವಣೆಯಂತ್ರದಿಂದ ಕೋಟೆಯೊಳಕ್ಕೆ ಎಸೆಯುವುದನ್ನು ನೋಡಿ ‘ಸಿನಿಮಾದವರ ಕಿತಾಪತಿ’ ಅಂದುಕೊಳ್ಳುವವರಿದ್ದಾರೆ. ಅದು ಟೋಲ್ಕಿನ್ ಬರೆದದ್ದೇ. ಪುಸ್ತಕದಲ್ಲಿ ಇನ್ನೂ ಘೋರ, ಆ ತಲೆಗಳ ಮೇಲೆ ವೈರಿಯ ಕಣ್ಣಿನ ಗುರುತಿನ ಬರೆ ಇರುತ್ತದೆ. ಸಿನಿಮಾ ಅದನ್ನು ಹತ್ತಿರದಿಂದ ತೋರಿಸದೆ ದಾಟಿಸಿತು. ಬದಲಿಗೆ ಮೂಲದಲ್ಲಿಲ್ಲದ ಲುರ್ಟ್ಸ್ ಎಂಬ ಉರುಕ್‌ಹೈ ದಳಪತಿಯನ್ನು ಹುಟ್ಟಿಸಿ, ಮೊದಲ ಭಾಗದ ಕೊನೆಗೆ ವೀರ ಅರಗಾರ್ನ್ ಕೈಯಿಂದ ಅವನ ತಲೆ ಹಾರಿಸಿತು. ಅರಗಾರ್ನ್‌ನ ಜೊತೆಗಾರ ಬೊರೊಮಿರ್‌ಗೆ ಬಾಣ ಹೊಡೆದವನಿಗೆ ಒಂದು ಮುಖ ಬೇಕಿತ್ತು, ಸೇರಿಸಿದ್ದು ಹೊಂದಿಕೊಂಡಿತು. ಉರುಳಿದ್ದು ರಾಕ್ಷಸನ ತಲೆ, ಹಾಗಾಗಿ ದರ್ಜೆಯೂ ಏರಲಿಲ್ಲ. ನಮ್ಮ ರಂಗಸ್ಥಳದಲ್ಲೂ ರಕ್ಕಸ ಸತ್ತರೆ ಯಾರೂ ಮಗುವಿನ ಕಣ್ಣು ಮುಚ್ಚುವುದಿಲ್ಲ.

ಅದೇ ಲೋಕದ ಧಾರಾವಾಹಿಯಾಗಿ 2022ರಲ್ಲಿ ಬಂದ ‘ದಿ ರಿಂಗ್ಸ್ ಆಫ್ ಪವರ್’ ವಿಷಯದಲ್ಲಿ ಗಲಾಟೆ ಆದದ್ದು ಮೊದಲೇ. ಬತ್ತಲೆ ದೃಶ್ಯಗಳಿಗೆ ತಯಾರಿ ನಡೆದಿದೆ ಎಂಬ ಸುದ್ದಿ 2020ರಲ್ಲಿ ಹಬ್ಬಿ ಅಭಿಮಾನಿಗಳು ಸಿಡಿದಿದ್ದರು. ಬಂದದ್ದರಲ್ಲಿ ಅಂಥದ್ದೇನೂ ಇರಲಿಲ್ಲ. ಎಲ್ಫ್ ಕುಲದ ಗಂಡು, ಮನುಷ್ಯ ಹೆಣ್ಣಿನ ಹೊಸ ಪ್ರೇಮವೊಂದನ್ನು ಹೆಣೆದರೂ ಅದರಲ್ಲೂ ಬತ್ತಲೆ ಇಲ್ಲ. ನಮ್ಮ ಕಲಂಗಳಲ್ಲಿ ಬರೆದುಕೊಳ್ಳಲು ಹೆಚ್ಚೇನೂ ಸಿಗಲಿಲ್ಲ. ಅದರ ತೊಂದರೆ ಬೇರೆ, ಕಥೆ ನಿಧಾನ.

‘ಗೇಮ್ ಆಫ್ ಥ್ರೋನ್ಸ್’ (2011ರಿಂದ 2019, 8 ಸೀಸನ್, 73 ಕಂತು) ಇದ್ದಲ್ಲಿ ಲೆಕ್ಕದ ಪುಸ್ತಕದ ಹಾಳೆ ಸಾಲಲಿಲ್ಲ. ಜಾರ್ಜ್ ಆರ್. ಆರ್. ಮಾರ್ಟಿನ್‌ರ ಮೂಲವೇ ದೊಡ್ಡವರಿಗಾಗಿ ಬರೆದದ್ದು, ಹಾಗಾಗಿ ‘ಹೊಲಸು ಸೇರಿಸಿದರು’ ಎಂದು ಒಟ್ಟಾರೆ ಅನ್ನುವಂತಿಲ್ಲ. ಮೂಲದಲ್ಲಿ ತೀರಾ ಎಳೆಯರಾಗಿದ್ದ ಪಾತ್ರಗಳ ವಯಸ್ಸನ್ನು ಪರದೆಯಲ್ಲಿ ಏರಿಸಿದರು, ಅದು ಸರಿಯಾದ ನಿರ್ಧಾರ. ಎಡವಿದ್ದು ಬೇರೆ ಕಡೆ.

ಮೊದಲ ಸೀಸನ್ನಿನ ಏಳನೇ ಕಂತು ತೆಗೆದುಕೊಳ್ಳಿ. ಲಿಟಲ್‌ಫಿಂಗರ್ ಎಂಬ ಕುತಂತ್ರಿ ಆಸ್ಥಾನಿಕ ತನ್ನ ಹಳೆಯ ಪ್ರೀತಿ, ಸೋಲು, ಸೇಡಿನ ಲೆಕ್ಕಾಚಾರವನ್ನು ಬಾಯಿಬಿಟ್ಟು ಹೇಳುತ್ತಾನೆ. ಅವನೆದುರು ಇಬ್ಬರು ವೇಶ್ಯೆಯರು ಕಸುಬಿನ ತಾಲೀಮು ನಡೆಸುತ್ತಿರುತ್ತಾರೆ. ಅವರಲ್ಲಿ ರೋಸ್ ಎಂಬವಳು ಧಾರಾವಾಹಿಗಾಗಿಯೇ ಹುಟ್ಟಿದ ಪಾತ್ರ. ಹೀಗೇಕೆ ಆಯಿತು? ಪುಸ್ತಕದಲ್ಲಿ ಈ ಹಿನ್ನೆಲೆ ಬರುವುದು ಅವನು ಪ್ರೀತಿಸಿದ್ದ ಕ್ಯಾಟ್ಲಿನ್‌ಳ ಮನಸ್ಸಿನೊಳಗಿನ ನೆನಪಾಗಿ. ಕ್ಯಾಮೆರಾಕ್ಕೆ ಮನಸ್ಸಿನೊಳಗೆ ಹೋಗಲು ಬಾಗಿಲಿಲ್ಲ, ಯಾರಾದರೂ ಬಾಯಿಬಿಟ್ಟೇ ಹೇಳಬೇಕು. ಉದ್ದ ಮಾತು ಕೇಳುತ್ತ ನೋಡುಗ ಆಕಳಿಸಬಾರದೆಂದು ಹಿಂದೆ ಮೈ ಇಟ್ಟರು. ಈ ತಂತ್ರಕ್ಕೆ ವಿಮರ್ಶಕರು ‘ಸೆಕ್ಸ್‌ಪೊಸಿಷನ್’ ಎಂಬ ಹೆಸರನ್ನೇ ಕಟ್ಟಿದರು. ಕಣ್ಣು ಮುಚ್ಚಿದ ಪರೀಕ್ಷೆಯಲ್ಲಿ ಈ ದೃಶ್ಯ ಮೊದಲ ಸುತ್ತಿಗೇ ಬಿತ್ತು. ಮಾತು ಗಟ್ಟಿಯಾಗಿದೆ, ಚಿತ್ರ ಬರೀ ಗದ್ದಲ. ಕೇಳುತ್ತಿದ್ದವರಿಗೆ ನೋಡುತ್ತಿದ್ದವರಿಗಿಂತ ಕಥೆ ಹೆಚ್ಚು ನೆನಪುಳಿಯಿತು ಎಂಬುದೇ ತಮಾಷೆ.

ಅದೇ ಧಾರಾವಾಹಿಯ ಐದನೇ ಸೀಸನ್ನಿನ ಒಂಬತ್ತನೇ ಕಂತು (2015) ಇದಕ್ಕೆ ತದ್ವಿರುದ್ಧ. ಶಿರೀನ್ ಎಂಬ ಪುಟ್ಟ ಹುಡುಗಿಯನ್ನು ಹೆತ್ತವರೇ ಬೆಂಕಿಗೆ ಕೊಡುತ್ತಾರೆ. ಪ್ರಕಟವಾದ ಪುಸ್ತಕಗಳಲ್ಲಿ ಈ ಘಟನೆ ಇಲ್ಲ. ಮಗುವಿನ ಮೈ ಉರಿಯುವುದನ್ನು ತೋರಿಸುವುದಿಲ್ಲ, ಕಿರುಚಾಟ ಮಾತ್ರ ಕೇಳಿಸುತ್ತದೆ. ಕ್ಯಾಮೆರಾ ಮತ್ತೆ ಮತ್ತೆ ತಂದೆ-ತಾಯಿಯ ಮುಖಕ್ಕೇ ಮರಳುತ್ತದೆ. ಮೊದಲು ಗಟ್ಟಿಯಾಗಿ ನಿಂತ ತಾಯಿ ಕುಸಿದು ಓಡುತ್ತಾಳೆ, ತಂದೆ ನಿಂತೇ ಇರುತ್ತಾನೆ. ನೋಡಲು ಆಗದಷ್ಟು ಕಷ್ಟ, ಆದರೂ ತೆಗೆದುಹಾಕಿ ಅನ್ನಲಾರೆವು. ತೆಗೆದರೆ ಆ ತಂದೆಯ ಮುಂದಿನ ಗತಿಗೆ ಕಾರಣವೇ ಇರುವುದಿಲ್ಲ.

ಇವೆರಡರ ನಡುವೆ ಮೂರನೇ ಸೀಸನ್ನಿನ ಮದುವೆಮನೆಯ ಕಗ್ಗೊಲೆ. ಪುಸ್ತಕದಲ್ಲಿ ಅಲ್ಲಿ ಕೊಲೆಯಾಗುವ ಯುವರಾಜ ರಾಬ್‌ನ ಹೆಂಡತಿ ಆ ಮದುವೆಗೆ ಬಂದೇ ಇರುವುದಿಲ್ಲ. ಪರದೆಯಲ್ಲಿ ಅವಳ ಜಾಗದಲ್ಲಿ ತಾಲಿಸಾ ಎಂಬ ಬಸುರಿ, ಮೊದಲ ಇರಿತ ಅವಳ ಹೊಟ್ಟೆಗೆ. ಇದು ಬೇಕಿತ್ತೇ ಎಂಬ ಬಗ್ಗೆ ನಮ್ಮೊಳಗೇ ಒಮ್ಮತವಿಲ್ಲ. ಆತಿಥ್ಯದ ನೇಮ ಮುರಿದದ್ದೇ ಸಾಕಷ್ಟು ಭೀಕರ, ಹೊಟ್ಟೆಗೆ ಇರಿಯುವುದು ಗಾಯದ ಮೇಲೆ ಉಪ್ಪು ಸವರುವ ಆಸೆ ಎಂಬುದು ಒಂದು ಪಕ್ಷ. ರಾಬ್ ದಿಕ್ಕೆಟ್ಟು ಕೂರುವ ಕೊನೆಯ ನಿಮಿಷ ನಿಂತಿರುವುದೇ ಅದರ ಮೇಲೆ ಎಂಬುದು ಇನ್ನೊಂದು. ಎರಡನೇ ಕಲಮಿನಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಗೇ ಉಳಿದಿದೆ.

‘ದಿ ವಿಚರ್’ (2019) ಹೆಚ್ಚು ಹೊತ್ತು ಬೇಡುವುದಿಲ್ಲ. ಮಾಂತ್ರಿಕೆ ಯೆನ್ನೆಫರ್ ಮೊದಲು ಗೂನುಬೆನ್ನಿನವಳಾಗಿದ್ದಳು ಎಂಬುದು ಪುಸ್ತಕದಲ್ಲಿ ಕಥಾನಾಯಕ ಗೆರಾಲ್ಟ್ ಕಂಡುಕೊಳ್ಳುವ ಒಂದು ಗುಟ್ಟು. ಧಾರಾವಾಹಿ ಅದನ್ನು ಹಿಗ್ಗಿಸಿ, ರೂಪಕ್ಕಾಗಿ ಅವಳು ಗರ್ಭವನ್ನೇ ಕೊಡುವ ರಕ್ತಸಿಕ್ತ ದೃಶ್ಯ ಮಾಡಿತು. ಸುಳಿವು ಮೂಲದ್ದೇ, ಮುಂದೆ ಅವಳ ಹಠಕ್ಕೆಲ್ಲ ಅದೇ ಬೇರು. ಪಾಸು. ‘ದಿ ವೀಲ್ ಆಫ್ ಟೈಮ್’ (2021) ನಪಾಸು: ಮೂಲದಲ್ಲಿ ಆ ಹೊತ್ತಿಗೆ ಮದುವೆಯೇ ಆಗಿರದ ಪೆರಿನ್ ಎಂಬ ತರುಣನಿಗೆ ಮೊದಲ ಕಂತಿನಲ್ಲೇ ಹೆಂಡತಿ ಕೊಟ್ಟು, ಅದೇ ಕಂತಿನಲ್ಲಿ ಅವನ ಕೈಯಿಂದಲೇ ತಪ್ಪಾಗಿ ಕೊಲ್ಲಿಸಿದರು. ಅವಳು ಯಾರು, ಏನು ಎಂದು ತಿಳಿಯುವ ಮೊದಲೇ ಸತ್ತಳು. ಗಂಡಿಗೆ ದುಃಖ ಹಚ್ಚಲು ಹೆಣ್ಣನ್ನು ಸಾಯಿಸುವುದು ಹಸಿಬಿಸಿಗಿಂತಲೂ ಸೋಮಾರಿ ಕೆಲಸ.

ಈ ಅಳತೆಗೋಲು ಹೊರಗಿನದಲ್ಲ. ಮಲೆನಾಡಿನ ತಾಳಮದ್ದಳೆಯಲ್ಲಿ ‘ಕೀಚಕ ವಧೆ’ ಕೇಳಿದವರಿಗೆ ಗೊತ್ತು. ವೇಷ ಇಲ್ಲ, ಕುಣಿತ ಇಲ್ಲ, ಭಾಗವತರ ಪದ ಮತ್ತು ಕೂತು ಹೇಳುವ ಅರ್ಥ ಅಷ್ಟೇ. ಕಥೆಯಲ್ಲಿರುವುದು ಪರಹೆಣ್ಣಿನ ಮೇಲೆ ಕಾಮ, ಬಲಾತ್ಕಾರದ ಬೆದರಿಕೆ, ಮೈಯನ್ನು ಮಾಂಸದ ಮುದ್ದೆ ಮಾಡುವ ಕೊಲೆ. ನರ್ತನಶಾಲೆಯ ಕತ್ತಲಲ್ಲಿ ಸೈರಂಧ್ರಿ ಎಂದು ಕೀಚಕ ಕೈ ಚಾಚುತ್ತಾನೆ, ಸಿಗುವುದು ಭೀಮನ ತೋಳು. ಮುಂದೆ ಕೂತ ಮಕ್ಕಳು ಅಲ್ಲಿ ನಗುತ್ತಾರೆ, ಹಿಂದೆ ಕೂತವರಿಗೆ ಬೇರೆಯದೇ ಕೇಳಿಸಿರುತ್ತದೆ. ಗಮಕಕ್ಕೆ ಹೆಸರಾದ ಹೊಸಹಳ್ಳಿಯಂಥ ಊರಿನಲ್ಲಿ ಇಂಥ ಕಥೆಯನ್ನು ಮೂರು ತಲೆಮಾರು ಒಂದೇ ಜಮಖಾನದ ಮೇಲೆ ಕೂತು ಕೇಳುತ್ತದೆ. ಹೆಗ್ಗೋಡಿನ ನೀನಾಸಂ ಚಿತ್ರಸಮಾಜ ದಶಕಗಳ ಹಿಂದೆಯೇ ಜಗತ್ತಿನ ಸಿನಿಮಾ ತೋರಿಸಿದ ಸೀಮೆಯೂ ಇದೇ. ಇಲ್ಲಿಯವರು ಮಡಿವಂತಿಕೆಯಿಂದ ದೂರುತ್ತಾರೆ ಅಂದುಕೊಂಡರೆ ತಪ್ಪು.

ಇನ್ನು ಮನೆಯಲ್ಲಿ, ಮಕ್ಕಳಿರುವಾಗ ನೋಡುವ ಬಗೆ. 2021ರ ಐಟಿ ನಿಯಮಗಳ ಪ್ರಕಾರ ಒಟಿಟಿಯಲ್ಲಿ ಯು, ಯು/ಎ 7+, 13+, 16+ ಮತ್ತು ಎ ದರ್ಜೆಗಳಿವೆ, 13+ ಮತ್ತು ಅದರ ಮೇಲಿನದಕ್ಕೆ ಬೀಗದ ಸೌಲಭ್ಯ ಕಡ್ಡಾಯ. ನೆಟ್‌ಫ್ಲಿಕ್ಸ್‌ನಲ್ಲಾದರೆ ಬ್ರೌಸರ್‌ನಲ್ಲಿ ಅಕೌಂಟ್ ತೆರೆದು ಮಗುವಿನ ಪ್ರೊಫೈಲಿಗೆ ವಯಸ್ಸಿನ ಮಿತಿ ಹಾಕಿ, ಬೇಡದ ಧಾರಾವಾಹಿಯ ಹೆಸರನ್ನೇ ಟೈಪ್ ಮಾಡಿ ತಡೆಯಬಹುದು. ಎಲ್ಲರೂ ಮಾಡುವ ತಪ್ಪು ಒಂದೇ: ಮಗುವಿನ ಪ್ರೊಫೈಲಿಗೆ ಮಿತಿ ಹಾಕಿ ಅಪ್ಪನ ಪ್ರೊಫೈಲನ್ನು ತೆರೆದೇ ಬಿಡುವುದು. ನಾಲ್ಕಂಕಿಯ ಪಿನ್ ಬೇಕಿರುವುದು ದೊಡ್ಡವರ ಪ್ರೊಫೈಲಿಗೆ. ಹೊಸ ಪ್ರೊಫೈಲ್ ತೆರೆಯಲೂ ಪಿನ್ ಕೇಳುವಂತೆ ಮಾಡಿಡಿ.

ಆದರೆ ಬೀಗ ಬೀಳುವುದು ಇಡೀ ಧಾರಾವಾಹಿಗೆ, ದೃಶ್ಯಕ್ಕಲ್ಲ. ಒಂದೆರಡು ದೃಶ್ಯ ಮಾತ್ರ ದಾಟಿಸಬೇಕಾದರೆ ಮೊದಲೇ ಒಬ್ಬರು ನೋಡಿ ನಿಮಿಷ-ಸೆಕೆಂಡು ಬರೆದಿಡಬೇಕು. ರಿಮೋಟಿನಲ್ಲಿ ಮುಂದಕ್ಕೆ ಓಡಿಸಿದರೆ ಕೆಳಗಿನ ಪಟ್ಟಿಯಲ್ಲಿ ಸಣ್ಣ ಸಣ್ಣ ಚಿತ್ರಗಳು ಸಾಲಾಗಿ ಬರುತ್ತವೆ, ಮುಚ್ಚಬೇಕೆಂದದ್ದೇ ಎಂಟು ಸಲ ಕಾಣಿಸುತ್ತದೆ. ನಿಮ್ಮ ಆ್ಯಪ್ ಮತ್ತು ಟೀವಿ ಅವಕಾಶ ಕೊಡುವುದಾದರೆ ಮೊಬೈಲಿನಿಂದ ಟೀವಿಗೆ ಕಾಸ್ಟ್ ಮಾಡಿ ಮೊಬೈಲಿನಲ್ಲೇ ಎಳೆದರೆ ಆ ಚಿತ್ರಗಳು ಅಲ್ಲೇ ಉಳಿಯುತ್ತವೆ. ಮುಂದಿನ ಕಂತಿನ ಆರಂಭದ ‘ಈವರೆಗೆ’ ಭಾಗದಲ್ಲಿ ದಾಟಿಸಿದ ದೃಶ್ಯವೇ ಮತ್ತೆ ಬರಬಹುದು, ಅದನ್ನೂ ಹಾರಿಸಿ. ಕರೆಂಟು ಹೋಗಿ ಬಂದಾಗ ಆಟ ಕೆಲವು ಸೆಕೆಂಡು ಹಿಂದಿನಿಂದ ಶುರುವಾಗುವುದುಂಟು, ಜುಲೈ ತಿಂಗಳಲ್ಲಿ ಇದು ದಿನನಿತ್ಯದ ಮಾತು. ತಗಡಿನ ಮಾಡಿನ ಮೇಲೆ ಮಳೆ ಬಡಿಯುವಾಗ ಪಿಸುಮಾತು ಕೇಳಲೆಂದು ವಾಲ್ಯೂಮ್ ಏರಿಸಿರುತ್ತೀರಿ, ಮರುಕ್ಷಣ ನರಳಾಟ ಪಕ್ಕದ ಮನೆಗೂ ಕೇಳಿಸುತ್ತದೆ. ಏರಿಸುವ ಬದಲು ಸಬ್‌ಟೈಟಲ್ ಹಾಕಿ.

ದಾಟಿಸಿದ ಮೇಲೆ ಏನಾಯಿತೆಂದು ಒಂದು ವಾಕ್ಯದಲ್ಲಿ ಹೇಳಲು ಮರೆಯಬೇಡಿ, ಇಲ್ಲದಿದ್ದರೆ ಮಕ್ಕಳು ಮೊಬೈಲಿನಲ್ಲಿ ಅದನ್ನೇ ಹುಡುಕುತ್ತಾರೆ. ಹತ್ತರ ಮಕ್ಕಳಿರುವ ಮನೆಗೆ ‘ಹಿಸ್ ಡಾರ್ಕ್ ಮೆಟೀರಿಯಲ್ಸ್’ ಮೊದಲು, ದಿನಕ್ಕೊಂದು ಕಂತು, ಎಂಟನೆಯದನ್ನು ಹಗಲಿನಲ್ಲಿ. ಹದಿಮೂರರ ನಂತರ ಜಾಕ್ಸನ್‌ರ ಮೂರೂ ಸಿನಿಮಾ, ಒಂದೊಂದೂ ಮೂರು ಗಂಟೆ ಆಸುಪಾಸಿನದು, ಮೂರು ಭಾನುವಾರಕ್ಕೆ ಹಂಚಿಕೊಳ್ಳಿ. ‘ಥ್ರೋನ್ಸ್’ ದೊಡ್ಡವರಿಗೆ ಮಾತ್ರ, ದೃಶ್ಯ ದಾಟಿಸುತ್ತ ನೋಡಲು ಹೋಗಬೇಡಿ, ಪಟ್ಟಿಯೇ ಕಂತಿಗಿಂತ ಉದ್ದವಾಗುತ್ತದೆ. ಶಿರೀನ್‌ಳ ಕಂತನ್ನು ಊಟಕ್ಕೆ ಮೊದಲು ಹಾಕಬೇಡಿ.